ಪ್ರಬಂಧವನ್ನು ಎಲ್ಲರಿಗೂ ತೆರೆದಿಡಲು ಯಾವ ದಾರಿ?

ಬೆಂಗಳೂರಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ: ಶುಲ್ಕ ತೆತ್ತು ಮುಕ್ತ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ನಿಯತಕಾಲಿಕದಲ್ಲಿ ಪ್ರಕಟಿಸಲೇ, ಓದುಗರು ಹಣ ಕಟ್ಟಿ ಓದುವ ಚಂದಾ ನಿಯತಕಾಲಿಕಕ್ಕೆ ಕೊಟ್ಟು ಪ್ರತಿಯನ್ನು ಎಲ್ಲರಿಗೂ ತೆರೆದ ಆನ್‌ಲೈನ್ ಭಂಡಾರದಲ್ಲಿಡಲೇ, ಇಲ್ಲವೇ ಯಾರಿಂದಲೂ ಹಣ ಕೇಳದ ಪತ್ರಿಕೆಗೆ ಕಳುಹಿಸಲೇ?

ಮೊದಲು ದುಡ್ಡಿನ ಮಾತು. ಹೆಸರಾಂತ ಮುಕ್ತ ನಿಯತಕಾಲಿಕಗಳು ಒಂದು ಪ್ರಬಂಧಕ್ಕೆ 2,000 ಡಾಲರ್‌ಗೂ ಹೆಚ್ಚು ಕೇಳುವುದುಂಟು. ತಿಂಗಳಿಗೆ 37,000 ರೂಪಾಯಿಯ ಕಿರಿಯ ಸಂಶೋಧನಾ ವೇತನದಲ್ಲಿ ಅದು ನಾಲ್ಕು ತಿಂಗಳಿಗೂ ಹೆಚ್ಚಿನ ದುಡಿಮೆ! ಶುಲ್ಕ ವಿನಾಯಿತಿ ಹೆಚ್ಚಾಗಿ ಕಡುಬಡ ದೇಶಗಳಿಗೆ. ಭಾರತ ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ಯೋಜನೆಯ ಅನುದಾನದಲ್ಲಿ ಇದಕ್ಕೆಂದೇ ಹಣವಿದ್ದರೆ ಸರಿ, ಸ್ವಂತ ಜೇಬಿನಿಂದ ಖಂಡಿತ ಬೇಡ.

ಭಂಡಾರಕ್ಕೆ ಖರ್ಚಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಗೆ ತನ್ನದೇ ಭಂಡಾರವಿದೆ. ಭೌತವಿಜ್ಞಾನಿಗಳಿಗೆ 1991ರಿಂದಲೂ ಆರ್ಕೈವ್ (arXiv) ಎಂಬ ಆನ್‌ಲೈನ್ ಭಂಡಾರ ಇದೆ. ಆದರೆ ಪ್ರಕಾಶಕರ ಅಂದದ ಪಿಡಿಎಫ್ ಅಲ್ಲ, ನಿಯತಕಾಲಿಕ ಅಂಗೀಕರಿಸಿದ ನಿಮ್ಮ ಹಸ್ತಪ್ರತಿಯನ್ನೇ ಹಾಕಬೇಕು. ಎಷ್ಟೋ ಪ್ರಕಾಶಕರು ಅದಕ್ಕೂ ಆರು ತಿಂಗಳಿಂದ ಒಂದು ವರ್ಷ ಕಾಯಿಸುತ್ತಾರೆ. ಸಹಿ ಹಾಕುವ ಮುನ್ನ ಕರಾರು ಓದಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಅಥವಾ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಣ ಪಡೆದಿದ್ದರೆ, 2014ರ ನೀತಿಯಂತೆ ಪ್ರತಿಯನ್ನು ಹೇಗೂ ಭಂಡಾರದಲ್ಲಿ ಇಡಲೇಬೇಕು.

ಮೂರನೆಯದು ನಮ್ಮೂರಿನಲ್ಲೇ ಇದೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳನ್ನು ಅದರ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ದೇಶದೊಳಗಿನ ಓದುಗರು ಮುಖ್ಯವಾದರೆ ನಾನು ಇದನ್ನೇ ಆರಿಸುತ್ತೇನೆ. ಮುಂದೆ ವಿದೇಶದಲ್ಲಿ ಕೆಲಸ ಹುಡುಕುವವರಿಗೆ, ಆಯ್ಕೆ ಸಮಿತಿ ಗುರುತಿಸುವ ಚಂದಾ ನಿಯತಕಾಲಿಕದ ಜೊತೆಗೆ ಭಂಡಾರವೇ ಹೆಚ್ಚು ಅನುಕೂಲ.