ಉಚಿತ ಕ್ಲೀನರ್ ತೋರಿಸಿದ 1,312 ಅಪಾಯಗಳು: ಐದರಲ್ಲಿ ಒಂದು ನಕ್ಷತ್ರ

ಆಲ್ದೂರಿನ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿವೆ. ಕೊಯ್ಲಿನ ನಡುವೆ, ಶನಿವಾರದ ಬಟವಾಡೆಗೆ ಪಟ್ಟಿ ತೆಗೆಯಲು ಕುಳಿತಾಗ ಪರದೆಯ ತುಂಬ ಕೆಂಪಕ್ಷರ: ‘1,312 ಗಂಭೀರ ಅಪಾಯಗಳು. ಮಾಲ್‌ವೇರ್ ಪತ್ತೆ.’ ಮಾಲ್‌ವೇರ್ ಎಂದರೆ ಹಾನಿ ಮಾಡುವ ತಂತ್ರಾಂಶ. ಹಾಗೆ ಹೆದರಿಸಿದ್ದು, ಯಂತ್ರ ನಿಧಾನವಾಗಿದೆಯೆಂದು ಹಿಂದಿನ ವಾರ ನಾನೇ ಹಾಕಿಕೊಂಡಿದ್ದ ಕ್ಲೀನರ್, ಅಂದರೆ ಯಂತ್ರದ ಕಸ ತೆಗೆಯುತ್ತೇನೆನ್ನುವ ತಂತ್ರಾಂಶ. ಹುಡುಕುವುದು ಉಚಿತ, ಸರಿಪಡಿಸಲು ವರ್ಷಕ್ಕೆ 2,400 ರೂಪಾಯಿ. ಆಳುಗಳ ಬ್ಯಾಂಕ್ ಖಾತೆಗಳ ವಿವರವೆಲ್ಲ ಅಲ್ಲೇ ಇದ್ದುದರಿಂದ ಎದೆ ಧಸಕ್ಕೆಂದಿತು. “ದುಡ್ಡು ಕಟ್ಟಿಬಿಡಿ” ಎಂದರು ಸಾಹುಕಾರರು.

ಕಟ್ಟುವ ಮೊದಲು ಪಟ್ಟಿಯನ್ನು ಬಿಡಿಸಿ ನೋಡಿದೆ. ಸಾವಿರಕ್ಕೂ ಹೆಚ್ಚು ಬರೀ ಬ್ರೌಸರ್ ಕುಕಿಗಳು, ಅಂದರೆ ನಾವು ನೋಡಿದ ಜಾಲತಾಣಗಳು ಬ್ರೌಸರಿನಲ್ಲಿ ಉಳಿಸುವ ಚಿಕ್ಕ ಮಾಹಿತಿ ತುಣುಕುಗಳು. ನಾವು ಎಲ್ಲೆಲ್ಲಿ ಓಡಾಡಿದೆವೆಂಬುದನ್ನು ಜಾಹೀರಾತಿನವರು ಅವುಗಳಿಂದ ತಿಳಿಯಬಹುದು, ಆದರೆ ಅವು ವೈರಸ್ ಅಲ್ಲ. ಉಳಿದವು ಬಹುಪಾಲು, ಎಂದೋ ತೆಗೆದುಹಾಕಿದ ಪ್ರಿಂಟರ್, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಬಿಟ್ಟುಹೋದ ನಮೂದುಗಳು. ನಿಜಕ್ಕೂ ಕಿರುಕುಳದ್ದು ಒಂದೇ ಒಂದು: ಬ್ರೌಸರಿನ ಮುಖಪುಟವನ್ನೇ ಬದಲಿಸಿದ್ದ ಪಿಡಿಎಫ್ ಪರಿವರ್ತಕ. ಸೆಟ್ಟಿಂಗ್ಸ್‌ಗೆ ಹೋಗಿ ನಾನೇ ತೆಗೆದೆ.

ಆಮೇಲೆ ಐಕಾರ್ ಪರೀಕ್ಷೆ ಮಾಡಿದೆ. ಇದು 68 ಅಕ್ಷರಗಳ ನಿರಪಾಯಕಾರಿ ಸಾಲು. ಆಂಟಿವೈರಸ್ ಎಚ್ಚರವಾಗಿದೆಯೇ ಎಂದು ನೋಡಲೆಂದೇ ಇರುವುದು. ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಡಿಫೆಂಡರ್ ಅದನ್ನು ಉಳಿಸಲೂ ಬಿಡಲಿಲ್ಲ. ಇಂಟರ್ನೆಟ್ ಕಡಿದು, ಡಿಫೆಂಡರ್‌ನ ಕಾವಲನ್ನು ಐದು ನಿಮಿಷ ನಿಲ್ಲಿಸಿ, ಆ ಸಾಲನ್ನು ಕಡತವಾಗಿ ಉಳಿಸಿ ಈ ಕ್ಲೀನರ್ ಓಡಿಸಿದರೆ, ಮತ್ತೆ ಅದೇ ಕುಕಿಗಳ ಎಣಿಕೆ. ಪರೀಕ್ಷೆಯ ಕಡತದ ಸುದ್ದಿಯೇ ಇಲ್ಲ! ಇದನ್ನು ಕಂಡು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ದೊಡ್ಡ ಅಂಗಡಿಗಳೂ ಹೀಗೆ ಮಾಡಿವೆ. ಅಮೆರಿಕದ ಆಫೀಸ್ ಡಿಪೋದಲ್ಲಿ ಉಚಿತ ತಪಾಸಣೆಯ ಆರಂಭದಲ್ಲಿ ‘ಯಂತ್ರ ನಿಧಾನವೇ?’ ಎಂಬಂಥ ನಾಲ್ಕು ಪ್ರಶ್ನೆಗಳಿದ್ದವು. ಒಂದಕ್ಕೆ ಹೌದೆಂದರೂ ಮಾಲ್‌ವೇರ್ ಲಕ್ಷಣವಿದೆಯೆಂಬ ಫಲಿತಾಂಶ ಬರುತ್ತಿತ್ತು ಎಂಬುದು ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪ. ಆಫೀಸ್ ಡಿಪೋವೂ ಅದಕ್ಕೆ ತಂತ್ರಾಂಶ ಒದಗಿಸಿದ್ದ ಸಪೋರ್ಟ್ ಡಾಟ್ ಕಾಮ್ ಸಂಸ್ಥೆಯೂ ಸೇರಿ 2019ರಲ್ಲಿ 3.5 ಕೋಟಿ ಡಾಲರ್ ಕೊಡಲು ಒಪ್ಪಿದವು. 2017ರಲ್ಲಂತೂ ಹೆಸರಾಂತ ಸಿಕ್ಲೀನರ್‌ನ ಒಂದು ಆವೃತ್ತಿಯೊಳಗೇ ಹ್ಯಾಕರ್‌ಗಳು ಮಾಲ್‌ವೇರ್ ಸೇರಿಸಿದ್ದರು. ಅದು ಸುಮಾರು 22 ಲಕ್ಷ ಯಂತ್ರಗಳನ್ನು ತಲುಪಿತ್ತು.

ಕೊನೆಗೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆ, ಮಾಡಿಸಿದೆ. ಏನೂ ಸಿಗಲಿಲ್ಲ. ನಿಧಾನಕ್ಕೆ ಕಾರಣ ಹಳೆಯ ಹಾರ್ಡ್ ಡಿಸ್ಕ್. ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಅದರ ಬದಲು ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿಕೊಂಡು ಬಂದೆ. ಈಗ ಬಟವಾಡೆ ಪಟ್ಟಿ ತೆರೆದುಕೊಳ್ಳುವಷ್ಟರಲ್ಲಿ ಸಾಹುಕಾರರು ಕುರ್ಚಿ ಎಳೆದು ಕುಳಿತಿರುವುದಿಲ್ಲ.