ಡಿಲೀಟ್ ಬೇಡ ಅಂದರೂ ಡಿಲೀಟ್ ಮಾಡಿದ ಸ್ಕ್ರಿಪ್ಟ್: ಹುಷಾರಾಗಿರಿ

ಪೈಥಾನ್ ಸ್ಕ್ರಿಪ್ಟ್ ಹೊರಗಡೆ ಬರೆಸುವವರು ಬಿಲ್ ಪಾಸ್ ಮಾಡೋ ಮುಂಚೆ ಇದನ್ನು ಓದಿ. ನಾವು ಹೊರಗಿನವರಿಂದ ಬರೆಸಿದ್ದು ಹಳೇ ಬ್ಯಾಕಪ್ ಅಳಿಸೋ ಸ್ಕ್ರಿಪ್ಟ್. ಪಟ್ಟಿ ಮಾತ್ರ ನೋಡಬೇಕಾದರೆ ‘--ಡಿಲೀಟ್ ಫಾಲ್ಸ್’ ಕೊಡಿ ಅಂತ ಅವರೇ ಕೊಟ್ಟ ಕೈಪಿಡಿಯಲ್ಲಿತ್ತು. ಹಾಗೇ ಕೊಟ್ಟೆವು. ಫೈಲುಗಳೆಲ್ಲ ಹೋದವು!

ಕೋಡ್ ತೆರೆದು ನೋಡಿದರೆ ಆರ್ಗ್‌ಪಾರ್ಸ್ (ಕಮಾಂಡ್ ಜೊತೆ ಕೊಟ್ಟ ಆಪ್ಷನ್‌ಗಳನ್ನು ಓದೋ ಪೈಥಾನ್ ಲೈಬ್ರರಿ) ಸಾಲಿನಲ್ಲಿ ‘ಟೈಪ್=ಬೂಲ್’, ಅಂದರೆ ಕೊಟ್ಟದ್ದನ್ನು ಟ್ರೂ (ಹೌದು) ಅಥವಾ ಫಾಲ್ಸ್ (ಇಲ್ಲ) ಮಾಡು ಅಂತ. ಮೈಯೆಲ್ಲ ಉರಿದುಹೋಯ್ತು. ಕಮಾಂಡ್ ಲೈನಿನಿಂದ ಬರೋದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಬೂಲ್ ಅದರ ಅರ್ಥ ನೋಡಲ್ಲ, ಖಾಲಿಯೋ ಅಲ್ಲವೋ ಅಷ್ಟೇ ನೋಡುತ್ತೆ. ‘ಫಾಲ್ಸ್’ ಖಾಲಿಯಲ್ಲ, ಹಾಗಾಗಿ ಟ್ರೂ. ‘ನೋ’ ಕೊಟ್ಟರೂ ಟ್ರೂ, ‘0’ ಕೊಟ್ಟರೂ ಟ್ರೂ! ಹೀಗೆ ಬಳಸೋದು ಸರಿಯಲ್ಲ ಅಂತ ಪೈಥಾನ್ ಡಾಕ್ಯುಮೆಂಟೇಶನ್ನಲ್ಲೇ ಬರೆದಿದೆ.

ಅವರ ಉತ್ತರ: “ಲೈಬ್ರರಿ ಕೆಲಸ ಮಾಡೋದೇ ಹಾಗೆ ಸರ್.” ಆಮೇಲೆ: “ಡೆಮೋದಲ್ಲಿ ಸರಿ ಇತ್ತಲ್ಲ?” ಡೆಮೋದಲ್ಲಿ ತೋರಿಸಿದ್ದು ಟ್ರೂ ಮಾತ್ರ. ಫಾಲ್ಸ್ ಕೊಟ್ಟು ಅವರೇ ಒಮ್ಮೆಯೂ ಓಡಿಸಿ ನೋಡಿರಲಿಲ್ಲ!

ಅಲ್ಲಿ ಬೇಕಿದ್ದದ್ದು ‘ಆಕ್ಷನ್=ಸ್ಟೋರ್_ಟ್ರೂ’. ಆಪ್ಷನ್ ಹೆಸರು ಬರೆದರೆ ಹೌದು, ಬರೆಯದಿದ್ದರೆ ಇಲ್ಲ. ಪೈಥಾನ್ 3.9ರಿಂದ ‘ಬೂಲಿಯನ್‌ಆಪ್ಷನಲ್‌ಆಕ್ಷನ್’ ಕೂಡ ಇದೆ, ‘--ನೋ-ಡಿಲೀಟ್’ ತಾನಾಗೇ ಸಿಗುತ್ತೆ.

ಸರಿಪಡಿಸಿದ್ದೀವಿ ಅಂತ ಕಳಿಸಿದ ವರ್ಷನ್ ಅದಕ್ಕಿಂತ ಕೆಟ್ಟದ್ದು. ಎಷ್ಟು ಪ್ರತಿ ಉಳಿಸಬೇಕು ಅನ್ನೋ ‘--ಕೀಪ್’ ಕಿತ್ತುಹಾಕಿ ‘--ಕೀಪ್-ಡೇಸ್’ ಮಾತ್ರ ಬಿಟ್ಟಿದ್ದರು. ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ಕಮಾಂಡ್ ತಾನಾಗೇ ಓಡಿಸೋ ವ್ಯವಸ್ಥೆ) ಇದ್ದ ‘--ಕೀಪ್ 30’ಕ್ಕೆ ಎರರ್ ಬರಬೇಕಿತ್ತು. ಬರಲಿಲ್ಲ. ಬರೆದ ಅರ್ಧ ಹೆಸರು ಒಂದೇ ಒಂದು ಆಪ್ಷನ್‌ಗೆ ಹೊಂದಿದರೆ ಆರ್ಗ್‌ಪಾರ್ಸ್ ಅದನ್ನೇ ಅಂತ ಹಿಡಿದುಕೊಳ್ಳುತ್ತೆ. 30 ಪ್ರತಿ ಇದ್ದದ್ದು 30 ದಿನ ಆಯ್ತು. ಬ್ಯಾಕಪ್ ವಾರಕ್ಕೊಂದು, ಉಳಿದದ್ದು ನಾಲ್ಕೈದು! ಇದನ್ನು ತಡೆಯೋ ‘ಅಲೌ_ಅಬ್ರೆವ್=ಫಾಲ್ಸ್’ ಪೈಥಾನ್ 3.5ರಿಂದಲೂ ಇದೆ. ಹಾಕಿರಲಿಲ್ಲ. (3.8ಕ್ಕಿಂತ ಹಳೇ ಪೈಥಾನ್‌ನಲ್ಲಿ ಇದನ್ನು ಹಾಕಿದರೆ ಒಂದಕ್ಷರದ ಆಪ್ಷನ್‌ಗಳನ್ನು ‘-ವಿವಿ’ ಥರ ಕೂಡಿಸಿ ಬರೆಯೋದೂ ನಿಲ್ಲುತ್ತೆ, ನೆನಪಿರಲಿ.)

“ಚೇಂಜ್‌ಲಾಗ್‌ನಲ್ಲಿ ಹಾಕಿದ್ದೀವಲ್ಲ ಸರ್” ಅಂದರು. ಬದಲಾವಣೆಗಳ ಆ ಪಟ್ಟಿಯಲ್ಲಿದ್ದದ್ದು ‘ಸಣ್ಣಪುಟ್ಟ ಸುಧಾರಣೆ’ ಅಂತ ಒಂದೇ ಸಾಲು. ನಮ್ಮ ಡೇಟಾ ಹೋದದ್ದು ಇವರಿಗೆ ಸಣ್ಣಪುಟ್ಟ!

ಕೋಡ್ ಕೈಗೆ ಬಂದ ತಕ್ಷಣ ‘ಟೈಪ್=ಬೂಲ್’ ಹುಡುಕಿ. ‘ಪಾರ್ಸ್_ನೋನ್_ಆರ್ಗ್ಸ್’ ಕಂಡರೆ ಯಾಕೆ ಅಂತ ಕೇಳಿ, ಅಕ್ಷರ ತಪ್ಪಿದ ಆಪ್ಷನ್ ಅದರಲ್ಲಿ ಸದ್ದಿಲ್ಲದೆ ಪಕ್ಕಕ್ಕೆ ಹೋಗುತ್ತೆ. ಟೆಸ್ಟ್ ಫೋಲ್ಡರ್ ಮಾಡಿ ಅರ್ಧ ಹೆಸರು, ತಪ್ಪು ಹೆಸರು ಕೊಟ್ಟು ಓಡಿಸಿ. ಎರರ್ ಬರೋವರೆಗೂ ಬಾಕಿ ಹಣ ಬಿಡಬೇಡಿ.