70 ಮಿ.ಮೀ. ಟೆಲಿಸ್ಕೋಪ್: ಒಂದು ಚುಕ್ಕೆ ಎರಡಾಯಿತು

ಮಗಳಿಗೆ ಅಂತ ತಂದ ಟೆಲಿಸ್ಕೋಪ್ ಇದು, ಈಗ ಜಾಸ್ತಿ ನೋಡುವವನು ನಾನೇ. ಮೇ ಮಧ್ಯದಲ್ಲಿ ರಾತ್ರಿ 11ರ ಸುಮಾರಿಗೆ ಮಾಳಿಗೆ ಹತ್ತಿ ದಕ್ಷಿಣಕ್ಕೆ ತಿರುಗಿಸಿದೆ. ನಮ್ಮ ವಿಜಯಪುರದಲ್ಲಿ ಆಲ್ಫಾ ಸೆಂಟಾರಿ ನಕ್ಷತ್ರ ದಿಗಂತದಿಂದ ಬರೀ 12 ಡಿಗ್ರಿಯಷ್ಟು ಮೇಲೇರುತ್ತದೆ, ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ ಬಂದರೆ ಮುಗೀತು. 10 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿದ್ದೇ ತಡ, ಬರಿಗಣ್ಣಿಗೆ ಒಂದೇ ಆಗಿದ್ದ ಚುಕ್ಕೆ ಎರಡಾಯಿತು, ಒಂದರ ಮಗ್ಗುಲಲ್ಲಿ ಇನ್ನೊಂದು ಸ್ವಲ್ಪ ಮಂಕು, ತೆನೆಯಲ್ಲಿರುವ ಜೋಳದ ಕಾಳುಗಳ ಹಾಗೆ. ಇವು ಒಂದನ್ನೊಂದು ಸುತ್ತಲು ಸುಮಾರು 80 ವರ್ಷ ಬೇಕು ಅಲ್ವಾ, ಮೈ ಜುಮ್ಮೆಂದಿತು. ಇವೆರಡರ ಜೊತೆಗಿರುವ ಮೂರನೆಯ ನಕ್ಷತ್ರ ಪ್ರಾಕ್ಸಿಮಾ. ಸೂರ್ಯನನ್ನು ಬಿಟ್ಟರೆ ನಮಗೆ ಅದೇ ಹತ್ತಿರದ ನಕ್ಷತ್ರ, 4.24 ಜ್ಯೋತಿರ್ವರ್ಷ ದೂರ, ಆದರೆ ತೀರಾ ಮಂಕು, ಇದರಲ್ಲಿ ಕಾಣಲಿಲ್ಲ. ಸ್ಟ್ಯಾಂಡ್ ಮಾತ್ರ ಸರಿಯಿಲ್ಲ, ಗಾಳಿ ಬೀಸಿದರೆ ಸಾಕು ನಡುಗುತ್ತದೆ, ನಡುವೆ ಇಟ್ಟಿಗೆ ತೂಗುಹಾಕಿದ ಮೇಲೆ ನಿಂತಿತು. ಲೆನ್ಸಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.